ಅಬ್ಬಿಯ ಕೊನೆಯ ನೂರು ಅಡಿ: ಉಡುಪಿ, ಮಂಗಳೂರಿನಿಂದ ಜಲಪಾತಕ್ಕೆ ಹೊರಡುವವರಿಗೆ

ಘಟ್ಟದ ಬುಡದಲ್ಲಿರುವ ನಮಗೆ ಜಲಪಾತವೆಂದರೆ ಒಂದು ಭಾನುವಾರದ ದಾರಿ. ಉಡುಪಿಯಿಂದ ಮಣಿಪಾಲ, ಹಿರಿಯಡಕ, ಪೆರ್ಡೂರು ದಾಟಿ ಹೆಬ್ರಿ ಸೇರಿದರೆ ಕೂಡ್ಲು ತೀರ್ಥಕ್ಕೆ ಅಲ್ಲಿಂದ ಸುಮಾರು 20 ಕಿ.ಮೀ. ಮಂಗಳೂರಿನವರು ಬೆಳ್ತಂಗಡಿ, ಉಜಿರೆ ಮೇಲಾಗಿ ದಿಡುಪೆ ಕಡೆ ಹೋದರೆ ಎರ್ಮಾಯಿ, ಕಡಮಗುಂಡಿ ಸಿಗುತ್ತವೆ. ಕುಂದಾಪುರದ ಕಡೆಯವರಿಗೆ ಕೊಲ್ಲೂರಿನ ಅರಿಶಿನಗುಂಡಿ ಇದೆ. ಜಲಪಾತಕ್ಕೆ ಕನ್ನಡದಲ್ಲಿ ಅಬ್ಬಿ, ತುಳುವಿನಲ್ಲಿ ಅರ್ಬಿ. ಆಗುಂಬೆಯ ಒನಕೆ ಅಬ್ಬಿ, ಬೆಳ್ತಂಗಡಿಯ ಬಂಡಾಜೆ ಅರ್ಬಿ ಎಂದು ಜಾಗದ ಹೆಸರಿಗೇ ಆ ಮಾತು ಅಂಟಿಕೊಂಡಿದೆ.

ಇವುಗಳಲ್ಲಿ ಹೆಚ್ಚಿನವಕ್ಕೆ ಕಾಡಿನ ನಡಿಗೆ ಅರ್ಧ ಗಂಟೆಯಿಂದ ಎರಡು ಗಂಟೆಯಷ್ಟು ಮಾತ್ರ. ದಾರಿ ಸುಲಭ, ಹಾಗಾಗಿ ಜನ ತಯಾರಿ ಇಲ್ಲದೆ ಹೋಗುತ್ತಾರೆ. ಆದರೆ ಜೀವ ಹೋಗುವ ಅವಘಡಗಳು ನಡೆಯುವುದು ನೀರು ಕಣ್ಣಿಗೆ ಬಿದ್ದ ಮೇಲಿನ ಕೊನೆಯ ನೂರು ಅಡಿಯಲ್ಲಿ. 2023ರ ಜುಲೈಯಲ್ಲಿ ಅರಿಶಿನಗುಂಡಿಯಲ್ಲಿ ಬಂಡೆಯ ಮೇಲೆ ನಿಂತು ವಿಡಿಯೊ ಮಾಡಿಸಿಕೊಳ್ಳುತ್ತಿದ್ದ ಯುವಕ ಕಾಲು ಜಾರಿ ಕೊಚ್ಚಿಹೋದರು. ದೇಹ ಸಿಕ್ಕಿದ್ದು ಹಲವು ದಿನಗಳ ಮೇಲೆ. ಈ ಲೇಖನದ ದೊಡ್ಡ ಪಾಲು ಆ ನೂರು ಅಡಿಯದ್ದೇ.

ತಿಂಗಳು ನೋಡಿ ಜಾಗ ಆರಿಸಿ

ಮೊದಲು ಜಾಗ ಆರಿಸಿ ಆಮೇಲೆ ರಜೆ ಹುಡುಕುವುದು ತಪ್ಪು ಕ್ರಮ. ರಜೆ ಯಾವ ತಿಂಗಳಲ್ಲಿ ಬರುತ್ತದೆಂದು ನೋಡಿ, ಆ ತಿಂಗಳಿಗೆ ಹೊಂದುವ ಜಾಗಕ್ಕೆ ಹೋಗಬೇಕು.

ಪತ್ತನಾಜೆ (ಮೇ ಕೊನೆಯ ವಾರ) ಕಳೆದು ಮಳೆ ಹಿಡಿದ ಮೇಲೆ, ಅದರಲ್ಲೂ ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ), ಅಬ್ಬಿಯ ಬುಡಕ್ಕೆ ಇಳಿಯುವ ಯೋಚನೆಯನ್ನೇ ಬಿಡಿ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ನೀರು ಸೀತಾನದಿಗೆ ಇಳಿದು ಕೆಳಗಿನ ಹೆಬ್ರಿ ಕಡೆಗೇ ಬರುತ್ತದೆ. ಈ ಅವಧಿಯಲ್ಲಿ ಅರಣ್ಯ ಇಲಾಖೆ ಕೂಡ್ಲು, ಅರಿಶಿನಗುಂಡಿಯಂಥ ಜಾಗಗಳಿಗೆ ಪ್ರವೇಶ ಮುಚ್ಚುವುದು ವಾಡಿಕೆ. ಮಳೆಯ ಅಬ್ಬರ ನೋಡಲೇಬೇಕು ಅನ್ನುವವರು ಮೆಟ್ಟಿಲು, ಕಂಬಿ ಇರುವ ಜಾಗ ಹಿಡಿಯಲಿ: ಕಾರ್ಕಳ–ಕುದುರೆಮುಖ ದಾರಿಯ ಹನುಮಾನಗುಂಡಿ, ಶೃಂಗೇರಿ ಹತ್ತಿರ ಕಿಗ್ಗದ ಸಿರಿಮನೆ. ಅಲ್ಲೂ ಆ ದಿನ ತೆರೆದಿದೆಯೇ ಎಂದು ಕೇಳಿಕೊಂಡೇ ಹೊರಡಿ.

ದಸರಾ ಕಳೆದು ಡಿಸೆಂಬರ್ ಮುಗಿಯುವ ತನಕ ಅತ್ಯುತ್ತಮ ಕಾಲ. ನೀರು ಕೆಂಪು ಬಿಟ್ಟು ತಿಳಿಯಾಗಿರುತ್ತದೆ, ಧಾರೆ ಇನ್ನೂ ತುಂಬಿರುತ್ತದೆ, ದಾರಿಯ ಮಣ್ಣು ಗಟ್ಟಿಯಾಗಿರುತ್ತದೆ. ಒಂದೇ ಒಂದು ಎಚ್ಚರ: ಅಕ್ಟೋಬರ್, ನವೆಂಬರ್‌ನಲ್ಲಿ ಮಧ್ಯಾಹ್ನ ಎರಡು–ಮೂರು ಗಂಟೆಯ ಮೇಲೆ ಘಟ್ಟದ ತಲೆಯಲ್ಲಿ ಗುಡುಗು ಸಿಡಿಲಿನ ಮಳೆ ಕಟ್ಟುತ್ತದೆ. ಆದ್ದರಿಂದ ನೀರಿನ ಹತ್ತಿರದ ಕೆಲಸವೆಲ್ಲ ಮಧ್ಯಾಹ್ನ ಒಂದರೊಳಗೆ ಮುಗಿದಿರಬೇಕು.

ಜನವರಿ, ಫೆಬ್ರವರಿಯಲ್ಲಿ ನೀರು ಇಳಿದು ಗುಂಡಿಗಳು ಶಾಂತವಾಗುತ್ತವೆ. ಮಕ್ಕಳನ್ನು, ವಯಸ್ಸಾದವರನ್ನು ಕರೆದೊಯ್ಯಲು ನಮ್ಮ ಆಯ್ಕೆ ಈ ಎರಡು ತಿಂಗಳು. ಏಪ್ರಿಲ್‌ಗೆ ಬಹಳಷ್ಟು ಅಬ್ಬಿಗಳು ನೂಲಿನಂತಾಗುತ್ತವೆ. ಆಗ ಹೋಗಿ ಬೇಸರ ಪಟ್ಟುಕೊಳ್ಳುವವರೇ ಹೆಚ್ಚು.

ಪರವಾನಗಿ, ದಾರಿ, ಹೊತ್ತು

ಕೂಡ್ಲು ಮತ್ತು ಜೋಮ್ಲು ತೀರ್ಥ ಸೋಮೇಶ್ವರ ವನ್ಯಜೀವಿಧಾಮಕ್ಕೆ ಸೇರಿದವು. ಅರಿಶಿನಗುಂಡಿ ಮೂಕಾಂಬಿಕಾ ವನ್ಯಜೀವಿಧಾಮದೊಳಗೆ, ಹನುಮಾನಗುಂಡಿ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ. ಇಲ್ಲೆಲ್ಲ ಅನುಮತಿ ಇಲ್ಲದೆ ಒಳಹೊಕ್ಕರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಟಿಕೆಟ್ ಕೌಂಟರ್ ಇರುವಲ್ಲಿ ಅಲ್ಲೇ ದುಡ್ಡು ಕಟ್ಟಿ ರಸೀದಿ ಜೇಬಿನಲ್ಲಿಟ್ಟುಕೊಳ್ಳಿ. ಕೌಂಟರ್ ಇಲ್ಲದ ದಾರಿಗೆ ಆಯಾ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಹಿಂದಿನ ದಿನವೇ ವಿಚಾರಿಸಬೇಕು. ಬಂಡಾಜೆಯಂಥ ದೊಡ್ಡ ಚಾರಣಕ್ಕೆ ಇಲಾಖೆಯ ಅನುಮತಿ ಬೇಕೇ ಬೇಕು. ಅದು ಇಡೀ ದಿನ ತಿನ್ನುವ ಏರುದಾರಿ. ಮೊದಲ ಸಲದವರು ಅದನ್ನು ಈ ಪಟ್ಟಿಯಿಂದ ಬಿಡುವುದು ಒಳ್ಳೆಯದು.

ಎರ್ಮಾಯಿ ಕಡೆಯ ದಾರಿಗಳ ವಿಷಯ ಬೇರೆ. ಅಲ್ಲಿ ಕಾಡಿಗಿಂತ ಮೊದಲು ಅಡಿಕೆ ತೋಟ ಸಿಗುತ್ತದೆ. ಅದು ಯಾರದೋ ಮನೆಯ ಅಂಗಳದಷ್ಟೇ ಖಾಸಗಿ. ಮನೆಯ ಎದುರು ನಿಂತು ಕೇಳಿ ಮುಂದೆ ಹೋಗಿ. ತಡಮೆ (ಬೇಲಿಯ ದಾಟುಗಂಡಿ) ದಾಟಿದ ಮೇಲೆ ಗೇಟು ಇದ್ದರೆ ಇದ್ದ ಹಾಗೆ ಮುಚ್ಚಿ, ಇಲ್ಲವಾದರೆ ದನ ತೋಟಕ್ಕೆ ನುಗ್ಗುತ್ತದೆ. ತೋಡಿನ (ಸಣ್ಣ ಹಳ್ಳದ) ಪಕ್ಕ ಕಪ್ಪು ಪೈಪು ಮಲಗಿರುವುದು ಕಂಡರೆ ಅದರ ಮೇಲೆ ಕಾಲಿಡಬೇಡಿ. ಮೇಲಿನ ಅಬ್ಬಿಯಿಂದ ತನ್ನಷ್ಟಕ್ಕೆ ಇಳಿದುಬರುವ ಆ ನೀರೇ ಕೆಳಗಿನ ಮನೆಗಳ ಕುಡಿಯುವ ನೀರು, ತೋಟದ ನೀರು. ಜೋಡಣೆ ಒಂದು ಕಡೆ ಕಳಚಿದರೆ ಮನೆಯವರು ಗುಡ್ಡ ಹತ್ತಿ ಹುಡುಕಬೇಕಾಗುತ್ತದೆ. ಗುಂಡಿಯಲ್ಲಿ ಸೋಪು, ಶಾಂಪೂ ಬಳಸಲೇಬಾರದು ಅನ್ನುವುದಕ್ಕೂ ಇದೇ ಕಾರಣ.

ಕುದುರೆಮುಖ ದಾರಿಯಲ್ಲಿ ಚೆಕ್‌ಪೋಸ್ಟಿನವರು ಗಾಡಿಗೆ ಸಮಯ ಬರೆದ ಚೀಟಿ ಕೊಡುತ್ತಾರೆ. ಆ ಚೀಟಿ ಕಳೆಯಬೇಡಿ, ನಡುವೆ ಸಿಕ್ಕಸಿಕ್ಕಲ್ಲಿ ಗಾಡಿ ನಿಲ್ಲಿಸಿ ಊಟ ಬಿಚ್ಚಬೇಡಿ.

ಹೊತ್ತಿನ ಲೆಕ್ಕ ಹೀಗೆ ಹಾಕಿ. ಬೇರು, ಕಲ್ಲು ತುಂಬಿದ ಏರುದಾರಿಯಲ್ಲಿ ಅಭ್ಯಾಸ ಇಲ್ಲದವರ ನಡಿಗೆ ಗಂಟೆಗೆ 2 ಕಿ.ಮೀ. ಅಂದುಕೊಳ್ಳಿ, ಮಕ್ಕಳಿದ್ದರೆ ಒಂದೂವರೆ. ಡಿಸೆಂಬರ್‌ನಲ್ಲಿ ಕಡಲ ತೀರದಲ್ಲಿ ಸಂಜೆ ಆರರವರೆಗೆ ಬೆಳಕಿದ್ದರೂ ಘಟ್ಟದ ಕಣಿವೆಯಲ್ಲಿ ನಾಲ್ಕೂವರೆಗೇ ಮಬ್ಬು ಕವಿಯುತ್ತದೆ. ಅಲ್ಲಿಂದ ಹಿಂದಕ್ಕೆ ಎಣಿಸಿ, ಅಬ್ಬಿಯಿಂದ ಹೊರಡುವ ಗಳಿಗೆಯನ್ನು ಮೊದಲೇ ಗೊತ್ತು ಮಾಡಿ. ಉಡುಪಿಯಿಂದ ಕೂಡ್ಲು ತೀರ್ಥಕ್ಕಾದರೆ ಬೆಳಿಗ್ಗೆ ಆರೂವರೆಗೆ ಹೊರಡಿ. ಏಳೂವರೆಗೆ ಹೆಬ್ರಿಯಲ್ಲಿ ತಿಂಡಿ. ಅಲ್ಲಿಂದ ಮುಂದೆ ಹೋಟೆಲ್ ನಂಬಬೇಡಿ, ಪೆಟ್ರೋಲ್ ಕೂಡ ಅಲ್ಲೇ ತುಂಬಿಸಿ. ಕೌಂಟರ್ ತೆರೆದ ಹೊತ್ತಿಗೆ ಒಳಗೆ ಹೋದರೆ ಜನಜಂಗುಳಿ ಸೇರುವ ಮೊದಲು ಒಂದು ಗಂಟೆ ನೀರಿನ ಎದುರು ಸುಮ್ಮನೆ ಕೂರಬಹುದು. ಹನ್ನೆರಡಕ್ಕೆ ವಾಪಸ್.

ಘಟ್ಟದ ಬುಡದಲ್ಲಿ ಮೊಬೈಲ್ ಸಿಗ್ನಲ್ ಬಹಳ ಕಡೆ ಸಿಗುವುದಿಲ್ಲ. ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿ. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಜನ, ಗಾಡಿ ನಂಬರ್, ಎಷ್ಟು ಗಂಟೆಗೆ ಫೋನ್ ಬರದಿದ್ದರೆ ವಿಚಾರಿಸಬೇಕು, ಈ ನಾಲ್ಕನ್ನು ಮನೆಯವರಿಗೆ ಬರೆದುಕೊಟ್ಟು ಹೋಗಿ. ತುರ್ತಿಗೆ 112, ಆಂಬುಲೆನ್ಸ್‌ಗೆ 108.

ಕಾಲಿಗೆ ಏನು, ಚೀಲಕ್ಕೆ ಏನು

ಹವಾಯಿ ಚಪ್ಪಲಿ ಬೇಡ. ಸವೆದ ಸ್ಪೋರ್ಟ್ಸ್ ಶೂ ಅದಕ್ಕಿಂತ ಅಪಾಯ, ಏಕೆಂದರೆ ಅದನ್ನು ಹಾಕಿದವರಿಗೆ ಧೈರ್ಯ ಜಾಸ್ತಿ. ಅಡಿಯಲ್ಲಿ ಆಳವಾದ ಗೀರುಗಳಿರುವ ಮೆತ್ತನೆಯ ರಬ್ಬರ್ ಶೂ ಬೇಕು. ತೋಟದ ಕೆಲಸಕ್ಕೆ ಹಾಕುವ, ಅಡಿಯಲ್ಲಿ ಉಬ್ಬುಗಳಿರುವ ಅಗ್ಗದ ಪ್ಲಾಸ್ಟಿಕ್ ಶೂ ಕೆಸರು ದಾರಿಗೆ ಬಲು ಒಳ್ಳೆಯದು, ಒಳಗೆ ಹೊಕ್ಕ ನೀರೂ ಸುರಿದುಹೋಗುತ್ತದೆ. ಆದರೆ ಒದ್ದೆ ಬಂಡೆಯ ಮೇಲೆ ಅದನ್ನೂ ನಂಬಬೇಡಿ. ಜೀನ್ಸ್ ಒದ್ದೆಯಾದರೆ ಕಲ್ಲಿನ ಭಾರ, ಮಂಡಿ ಮಡಚಲು ಬಿಡುವುದಿಲ್ಲ. ಬೇಗ ಒಣಗುವ ತೆಳು ಪ್ಯಾಂಟ್ ಹಾಕಿ.

ಚೀಲದಲ್ಲಿ ತಲೆಗೆ ಒಂದೂವರೆಯಿಂದ ಎರಡು ಲೀಟರ್ ನೀರು, ಒಂದು ಟಾರ್ಚು, ಸೀಟಿ, ಬ್ಯಾಂಡೇಜು, ಒಂದು ಜೊತೆ ಒಣ ಬಟ್ಟೆ ಇರಲಿ. 15 ಮೀಟರ್ ಉದ್ದದ, ಕಿರುಬೆರಳು ದಪ್ಪದ ನೈಲಾನ್ ಹಗ್ಗ ಮರೆಯಬೇಡಿ. ಅದರ ಉಪಯೋಗ ಮುಂದೆ ಹೇಳುತ್ತೇವೆ. ತಿನ್ನಲು ಒಗ್ಗರಣೆ ಅವಲಕ್ಕಿ, ಬನ್ಸ್, ಬಾಳೆಹಣ್ಣು ಸಾಕು, ಎಲ್ಲವೂ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಮಂಗಗಳು ಎಳೆಯದೆ ಬಿಡುವುದಿಲ್ಲ. ಬೆವರು ಹರಿದು ಸುಸ್ತಾದವರಿಗೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಹಾ ಚಮಚದಲ್ಲಿ ಸಮ ಮಾಡಿ ಅಳೆದು ಕಲಸಿ ಗುಟುಕು ಗುಟುಕಾಗಿ ಕೊಡಿ.

ಕಾಡಿನ ದಾರಿಯಲ್ಲಿ

ಸಾಲಾಗಿ ನಡೆಯಿರಿ. ದಾರಿ ಬಲ್ಲವರು ಮುಂದೆ, ಗಟ್ಟಿಮುಟ್ಟಾದವರೊಬ್ಬರು ಕೊನೆಯಲ್ಲಿ. ನಡುವಿನವರು ಹಿಂದಿನವರನ್ನು ಕಣ್ಣಿಗೆ ಕಾಣುವಷ್ಟು ಹತ್ತಿರ ಇಟ್ಟುಕೊಳ್ಳಬೇಕು. ಕವಲು ಬಂದಲ್ಲಿ ಎಲ್ಲರೂ ಸೇರುವ ತನಕ ನಿಲ್ಲಿ. ಪಟಾಕಿ, ಸ್ಪೀಕರ್, ಬೀಡಿ ಸಿಗರೇಟು ಬೇಡ. ಅಬ್ಬಿಯ ಕಡಿದಾದ ಬಂಡೆಗಳಲ್ಲಿ ಹೆಜ್ಜೇನು ಕಟ್ಟುತ್ತದೆ. ಹೊಗೆಗೆ, ಗದ್ದಲಕ್ಕೆ ಕೆರಳಿ ಎದ್ದರೆ ಓಡಿ ತಪ್ಪಿಸಿಕೊಳ್ಳಲು ಅಲ್ಲಿ ಸಮತಟ್ಟು ಜಾಗವೇ ಇರುವುದಿಲ್ಲ. ಕಾಟಿ (ಕಾಡುಕೋಣ) ಕಂಡರೆ ನಿಲ್ಲಿ, ಕನಿಷ್ಠ ಐವತ್ತು ಮೀಟರ್ ಅಂತರ ಉಳಿಸಿ, ಅದು ದಾಟಿ ಹೋಗುವವರೆಗೆ ಕಾಯಿರಿ.

ಇಂಬಳಕ್ಕೆ ಹೆದರಿ ಬಾರದೆ ಉಳಿಯುವವರು ಬಹಳ. ಸಾಕ್ಸನ್ನು ಪ್ಯಾಂಟಿನ ಮೇಲೆ ಎಳೆದು, ಶೂ ಅಂಚಿಗೂ ಸಾಕ್ಸಿಗೂ ಹೊಗೆಸೊಪ್ಪಿನ ಪುಡಿ ಕಲಸಿದ ತೆಂಗಿನೆಣ್ಣೆ ಹಚ್ಚಿ. ನೀರು ದಾಟಿದಾಗಲೆಲ್ಲ ಅದು ತೊಳೆದುಹೋಗುತ್ತದೆ, ಮತ್ತೆ ಹಚ್ಚಬೇಕು. ಎಲೆ ರಾಶಿಯ ಮೇಲೆ ನಿಲ್ಲದೆ ನಡೆಯುತ್ತಲೇ ಇದ್ದರೆ ಅರ್ಧ ಕಾಟ ಕಡಿಮೆ. ಹತ್ತಿಬಿಟ್ಟರೆ ಎಳೆಯಬೇಡಿ. ಅದರ ಸಪೂರ ತುದಿಯೇ ಬಾಯಿ. ಆ ತುದಿಯ ಪಕ್ಕದಲ್ಲಿ ಚರ್ಮಕ್ಕೆ ಉಗುರು ಒತ್ತಿ, ಅಡ್ಡಲಾಗಿ ಜಾರಿಸಿದರೆ ಹಿಡಿತ ಬಿಡುತ್ತದೆ. ಆಮೇಲೆ ದಪ್ಪ ತುದಿಯನ್ನು ಹಾಗೇ ಬಿಡಿಸಿ, ಬೆರಳಿಗೆ ಅಂಟುವ ಮೊದಲು ಚಿಮ್ಮಿ ಎಸೆಯಿರಿ. ಬೆಂಕಿ, ಉಪ್ಪು ತಾಗಿಸಿದರೆ ಅದು ಹೀರಿದ್ದನ್ನು ಗಾಯದೊಳಗೇ ಕಾರಬಹುದು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಪದಾರ್ಥ ಅದರ ಜೊಲ್ಲಿನಲ್ಲಿರುವುದರಿಂದ ಗಂಟೆಗಟ್ಟಲೆ ಜಿನುಗಿದರೂ ಗಾಬರಿ ಬೇಡ. ತೊಳೆದು, ಒತ್ತಿ ಹಿಡಿದು, ಬ್ಯಾಂಡೇಜು ಸುತ್ತಿ.

ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಉಂಗುರ, ಬಳೆ, ಶೂ ತೆಗೆದು, ಆ ಕೈಯೋ ಕಾಲೋ ಅಲ್ಲಾಡದಂತೆ ಕೋಲು ಇಟ್ಟು ಸಡಿಲವಾಗಿ ಕಟ್ಟಿ, ಕಚ್ಚಿಸಿಕೊಂಡವರನ್ನು ನಡೆಸದೆ ಹೊತ್ತು ತನ್ನಿ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು. ಅದನ್ನು ಕೊಡುವುದು ಆಸ್ಪತ್ರೆಯಲ್ಲಿ ಮಾತ್ರ ಸಾಧ್ಯ, ಆದ್ದರಿಂದ ಹಾವನ್ನು ಹುಡುಕುತ್ತ ಹೊತ್ತು ಕಳೆಯಬೇಡಿ.

ಆ ನೂರು ಅಡಿ

ನೀರಿನ ಸದ್ದು ಕೇಳಿದೊಡನೆ ಕಾಲು ತಾನಾಗಿ ಬೇಗ ಓಡುತ್ತದೆ. ಅಲ್ಲೇ ನಿಲ್ಲಿ. ಐದು ನಿಮಿಷ ಕೂತು, ನೀರು ಕುಡಿದು, ಜಾಗವನ್ನು ಪೂರಾ ನೋಡಿ. ಧಾರೆ ಎಲ್ಲಿ ಬೀಳುತ್ತದೆ, ಗುಂಡಿಯಿಂದ ಹೊರಗೆ ಎಲ್ಲಿ ಹರಿಯುತ್ತದೆ, ಹೊರಹರಿವಿನ ಕೆಳಗೆ ಇನ್ನೊಂದು ಬೀಳು ಇದೆಯೇ, ನೀರು ಏರಿದರೆ ಯಾವ ಕಡೆ ಓಡಬೇಕು. ಈ ಕೊನೆಯದನ್ನು ಗುಂಪಿನವರೆಲ್ಲರಿಗೂ ಬೆರಳು ತೋರಿಸಿ ಹೇಳಿ. ನಡುಗಡ್ಡೆಯ ಬಂಡೆಯ ಮೇಲೆ ಚೀಲ ಇಡಬೇಡಿ. ನೀರು ಏರಿದಾಗ ಜನ ಚೀಲಕ್ಕಾಗಿ ಹಿಂದೆ ಓಡುತ್ತಾರೆ.

ಮುಂದಿನದು ಕಲ್ಲಿನ ಬಣ್ಣ. ಬೂದಿ ಬಣ್ಣದ, ದೊರಗಾದ, ಒಣ ಪಾದೆಕಲ್ಲು ಹಿಡಿತ ಕೊಡುತ್ತದೆ. ಕಪ್ಪಗೆ ಮಿನುಗುವ ಒದ್ದೆ ಕಲ್ಲಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಹಾವಸೆ ಹಬ್ಬಿರುತ್ತದೆ, ಯಾವ ಶೂ ಕೂಡ ಅಲ್ಲಿ ನಿಲ್ಲುವುದಿಲ್ಲ. ಹಸಿರು ಪಾಚಿ ಕಂಡರೆ ಎಲ್ಲರೂ ಎಚ್ಚರವಾಗುತ್ತಾರೆ. ಬೀಳಿಸುವುದು ಈ ಕಪ್ಪು ಹೊಳಪೇ. ಹೆಜ್ಜೆ ಇಡುವಾಗ ಪಾದವನ್ನು ಪೂರ್ತಿ ಊರಿ, ಕಾಲು ಭಾಗ ಭಾರ ಮಾತ್ರ ಹಾಕಿ ಸ್ವಲ್ಪ ತಿರುಚಿ ನೋಡಿ. ಜಾರಿತೆಂದರೆ ವಾಪಸ್ ತೆಗೆಯಿರಿ. ಕಲ್ಲಿನಿಂದ ಕಲ್ಲಿಗೆ ಹಾರುವುದು ಬೇಡವೇ ಬೇಡ. ಅನುಮಾನ ಬಂದಲ್ಲಿ ಕೂತುಕೊಂಡೇ ಇಳಿಯಿರಿ. ಅಬ್ಬಿಯ ನೆತ್ತಿಗೆ ಹತ್ತಿ ಅಂಚಿನಿಂದ ಇಣುಕಬಾರದು. ನೆತ್ತಿಯಲ್ಲಿ ನೀರು ಪಾದ ಮುಳುಗುವಷ್ಟೇ ಇದ್ದರೂ ಜಾರಿದವರಿಗೆ ಹಿಡಿಯಲು ಏನೂ ಸಿಗದು. ಚಾರ್ಮಾಡಿ ಘಾಟಿಯ ರಸ್ತೆ ಬದಿಯ ಬಂಡೆಗಳನ್ನು ಫೋಟೊಗಾಗಿ ಹತ್ತುವವರಿಗೂ ಇದೇ ಮಾತು.

ಈಗ ನೀರಿನ ಮಟ್ಟ. ಬಂದ ಕೂಡಲೇ ಅಂಚಿನಲ್ಲಿ, ನೀರು ಮುಟ್ಟುವ ಗೆರೆಯಲ್ಲೇ ಒಂದು ಕಡ್ಡಿ ಚುಚ್ಚಿ. ಬಂಡೆಯಾದರೆ ಒಣ ಭಾಗಕ್ಕೆ ಒಂದು ಚಪ್ಪಟೆ ಕಲ್ಲು ಇಡಿ. ಗುಂಪಿನಲ್ಲಿ ನೀರಿಗಿಳಿಯದ ಒಬ್ಬರು ಹತ್ತು ನಿಮಿಷಕ್ಕೊಮ್ಮೆ ಅದನ್ನು ನೋಡಬೇಕು. ಕಡ್ಡಿಯ ಬುಡ ಎರಡು ಬೆರಳು ಮುಳುಗಿದರೆ ಎಲ್ಲರೂ ಮೇಲೆ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಹತ್ತು ಕಿಲೋಮೀಟರ್ ಆಚೆ ಘಟ್ಟದ ಮೇಲೆ ಸುರಿದ ಮಳೆ ಇಳಿದು ಬರುತ್ತಿರಬಹುದು. ಅದು ಬರುವ ಮೊದಲು ಸುಳಿವು ಕೊಡುತ್ತದೆ: ತಿಳಿನೀರು ಚಹಾ ಬಣ್ಣಕ್ಕೆ ತಿರುಗುತ್ತದೆ, ತರಗೆಲೆ ಕಡ್ಡಿಗಳು ಒಟ್ಟಿಗೆ ತೇಲಿ ಬರುತ್ತವೆ, ಧಾರೆಯ ಸದ್ದು ಸೀಳು ಬಿಟ್ಟು ದಪ್ಪವಾಗುತ್ತದೆ. ಇವುಗಳಲ್ಲಿ ಒಂದು ಕಂಡರೂ ಎರಡನೆಯದಕ್ಕೆ ಕಾಯಬೇಡಿ. ನೀವು ಬರುವಾಗ ದಾಟಿದ ತೋಡು ಈಗ ತುಂಬಿದ್ದರೆ ಈಚೆ ದಡದಲ್ಲೇ ಎತ್ತರದ ಜಾಗದಲ್ಲಿ ಕೂತು ಇಳಿಯುವವರೆಗೆ ಕಾಯಿರಿ. ಮಳೆ ನಿಂತರೆ ಸಣ್ಣ ತೋಡು ಕೆಲವು ಗಂಟೆಗಳಲ್ಲಿ ಇಳಿಯುತ್ತದೆ.

ಗುಂಡಿಗೆ ಇಳಿಯುವುದು ಬಿಡುವುದು ಅಲ್ಲಿನ ಸಿಬ್ಬಂದಿಯ ಮಾತಿನಂತೆ. ಇಳಿಯಬಾರದು ಅಂದರೆ ಚರ್ಚೆ ಬೇಡ. ಹೆಸರಿನಲ್ಲೇ ಗುಂಡಿ ಇರುವ ಜಾಗಗಳಲ್ಲಿ ಸುಳಿಗೆ ಸಿಕ್ಕ ಕಲ್ಲುಗಳು ಸಾವಿರಾರು ವರ್ಷ ತಿರುಗಿ ಕೊರೆದ ಬಾವಿಯಂಥ ಹೊಂಡಗಳಿವೆ. ಮೊಣಕಾಲಿನಷ್ಟಿದ್ದ ನೀರು ಮುಂದಿನ ಹೆಜ್ಜೆಗೆ ತಲೆಯ ಮೇಲೆ ಹೋಗುತ್ತದೆ. ಧಾರೆ ಬೀಳುವಲ್ಲಿನ ಬಿಳಿ ನೊರೆ ಇನ್ನೂ ಮೋಸ. ಅರ್ಧ ಗಾಳಿಯೇ ತುಂಬಿದ ಆ ನೀರು ದೇಹವನ್ನು ತೇಲಿಸುವುದಿಲ್ಲ, ಕೈಕಾಲು ಬಡಿದರೂ ಹಿಡಿತ ಸಿಗುವುದಿಲ್ಲ. ಅದಕ್ಕೇ ಕೆರೆ, ಬಾವಿ, ಸಮುದ್ರದಲ್ಲಿ ಈಜಿ ಬೆಳೆದ ನಮ್ಮ ಊರಿನ ಹುಡುಗರೂ ಅಬ್ಬಿಯ ಕೆಳಗೆ ಮುಳುಗುತ್ತಾರೆ. ಇಳಿಯಲು ಬಿಟ್ಟಲ್ಲಿ ಹೊರಹರಿವಿನ ಬದಿಯಲ್ಲಿ, ತಳ ಕಾಣುವಲ್ಲಿ, ಸೊಂಟದ ತನಕ ಮಾತ್ರ. ಮೇಲಿಂದ ಧುಮುಕುವುದು ಯಾವ ತಿಂಗಳಲ್ಲೂ ಬೇಡ. ಕುಡಿದು ಬಂದವರನ್ನು ದಡದಲ್ಲೇ ಕೂರಿಸಿ.

ಯಾರಾದರೂ ಮುಳುಗಿದರೆ ಹಿಂದೆ ಹಾರಬೇಡಿ, ಒಬ್ಬರ ಹಿಂದೆ ಒಬ್ಬರು ಹೋದ ಮನೆಗಳಿವೆ. ಹಗ್ಗ ಹೊರಬರಬೇಕಾದದ್ದು ಈಗ. ಎರಡು ಲೀಟರಿನ ಖಾಲಿ ಬಾಟಲಿಗೆ ಕಾಲು ಭಾಗ ನೀರು ತುಂಬಿ, ಮುಚ್ಚಳ ಬಿಗಿದು, ಕುತ್ತಿಗೆಗೆ ಹಗ್ಗ ಕಟ್ಟಿ ಮೊದಲೇ ಸಿದ್ಧವಿಟ್ಟಿರಿ. ಆ ಭಾರದಿಂದ ಬಾಟಲಿ ದೂರ ಹಾರುತ್ತದೆ, ಬಿದ್ದಲ್ಲಿ ತೇಲುತ್ತದೆ. ಮುಳುಗುವವರ ತಲೆಯ ಆಚೆ ಬೀಳುವಂತೆ ಎಸೆದು ಎಳೆದುಕೊಳ್ಳಿ. ಎಳೆಯುವವರು ಕೂತು, ಕಾಲನ್ನು ಕಲ್ಲಿಗೆ ಒತ್ತಿ ಹಿಡಿಯಬೇಕು. ನಿಂತು ಎಳೆದರೆ ಅವರೂ ನೀರಿಗೆ. ಹಗ್ಗವನ್ನು ಸೊಂಟಕ್ಕೋ ಕೈಗೋ ಸುತ್ತಿಕೊಳ್ಳಬಾರದು. ಹರಿವಿಗೆ ಸಿಕ್ಕವರು ಅಂಗಾತ ಮಲಗಿ, ಕಾಲು ಮುಂದೆ ಮಾಡಿ ಹರಿವಿನೊಂದಿಗೆ ಹೋಗಿ ದಡದತ್ತ ಓರೆಯಾಗಿ ಸರಿಯಬೇಕು. ರಭಸದ ನೀರಲ್ಲಿ ಎದ್ದು ನಿಲ್ಲಲು ಹೋದರೆ ಪಾದ ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಮೇಲೆ ತಂದವರಿಗೆ ಉಸಿರಿಲ್ಲದಿದ್ದರೆ ಹೊಟ್ಟೆ ಒತ್ತಿ ನೀರು ತೆಗೆಯುವ ಹಳೆಯ ಪದ್ಧತಿ ಬಿಡಿ. ಅಂಗಾತ ಮಲಗಿಸಿ ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಎದೆಯ ನಡುವೆ ಮೂವತ್ತು ಸಲ ಒತ್ತಿ ಎರಡು ಸಲ ಉಸಿರು ಎಂಬ ಲೆಕ್ಕದಲ್ಲಿ, ಸಹಾಯ ಬರುವ ತನಕ.

ಮನೆಗೆ ಬಂದ ಮೇಲೆ

ಬಟ್ಟೆಯನ್ನು ಹಾಸಿಗೆಯ ಮೇಲೆ ಬಿಸಾಡದೆ ನೇರ ಬಿಸಿನೀರಿಗೆ ಹಾಕಿ, ಸೋಪು ತಿಕ್ಕಿ ಸ್ನಾನ ಮಾಡಿ, ಕಂಕುಳು, ಮಂಡಿಯ ಹಿಂದೆ, ಕಿವಿಯ ಹಿಂದೆ ಉಣ್ಣೆ ಹುಳ (ಉಣುಗು) ಅಂಟಿದೆಯೇ ಎಂದು ನೋಡಿ. ಮರಿ ಉಣ್ಣೆ ಎಳ್ಳಿಗಿಂತ ಸಣ್ಣದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಇದರಿಂದ, ಅದರ ಕಾಲ ಡಿಸೆಂಬರ್‌ನಿಂದ ಮೇ. ಹಾಗಾಗಿ ಆ ತಿಂಗಳುಗಳಲ್ಲಿ ಕಾಡಿನಲ್ಲಿ ತರಗೆಲೆಯ ಮೇಲೆ ಕೂರಬೇಡಿ, ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಸಿಕ್ಕರೆ ಹಚ್ಚಿಕೊಂಡೇ ಹೋಗಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯದವರಿಗೋ ತಿಳಿಸಿ. ಮಳೆಗಾಲದ ತೋಟದ ಕೆಸರಿನಲ್ಲಿ ಇಲಿಜ್ವರದ ಭಯ ಇರುವುದರಿಂದ ಕಾಲಿನ ಗೀರು ಗಾಯಗಳನ್ನು ಹೋಗುವಾಗಲೇ ಮುಚ್ಚಿಕೊಂಡಿರಬೇಕು, ಬಂದ ಮೇಲೆ ಮತ್ತೆ ತೊಳೆಯಬೇಕು.

ಮುಂದಿನ ಎರಡು ವಾರಗಳಲ್ಲಿ ಜ್ವರ, ತಲೆಸಿಡಿತ, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಕಾಯದೆ ಡಾಕ್ಟರ ಬಳಿ ಹೋಗಿ. ಯಾವ ದಿನ, ಯಾವ ಕಾಡಿಗೆ ಹೋಗಿದ್ದೆವು ಎಂಬುದನ್ನು ಅವರು ಕೇಳುವ ಮೊದಲೇ ಹೇಳಿ. ಯಾವ ರಕ್ತಪರೀಕ್ಷೆ ಬರೆಯಬೇಕೆಂದು ಅವರಿಗೆ ತಿಳಿಯುವುದು ಅದರಿಂದ.